ಹೆಸರಿಲ್ಲದ ಅಲಗು

ಅವಳು: ಚಿಕ್ಕಪ್ಪ, ಎರಡು ಕತ್ತಿ ನೋಡಿಟ್ಟಿದ್ದೇನೆ. ಎರಡೂ ವಾಕಿಜಾಶಿ, ಗಿಡ್ಡ ಕತ್ತಿಗಳು. ಬೆಲೆ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಹಿಝೆನ್ ಪ್ರಾಂತದ ಕಮ್ಮಾರನ ಹೆಸರು ಸ್ಪಷ್ಟವಾಗಿ ಕೆತ್ತಿದೆ. 17ನೇ ಶತಮಾನದ್ದಂತೆ, ಹೊಸದರ ಹಾಗೆ ಹೊಳೆಯುತ್ತದೆ. ಇನ್ನೊಂದು ಅದಕ್ಕಿಂತ ಹಳೆಯದು. ಯಾರೋ ಬುಡ ಕತ್ತರಿಸಿ ಮೋಟು ಮಾಡಿದ್ದಾರೆ, ಹೆಸರಿಲ್ಲ. ಮೈಮೇಲೆ ಅಲ್ಲಲ್ಲಿ ಗೀರುಗಳೂ ಇವೆ. ಹೆಸರಿರುವುದನ್ನೇ ತೆಗೆದುಕೊಳ್ಳಲಾ?

ಚಿಕ್ಕಪ್ಪ: ನೀನು ಮೊದಲು ನೋಡಿದ್ದು ಹೆಸರನ್ನೋ, ಅಲಗನ್ನೋ?

ಅವಳು: ಹೆಸರನ್ನೇ. ಅಂಗಡಿಯವರು ಹಿಡಿ ಬಿಚ್ಚಿ ತೋರಿಸಿದರು. ಅಂಥ ಅಕ್ಷರ ಕಂಡ ಮೇಲೆ ಅಲಗಿನ ಕಡೆ ಗಮನವೇ ಹೋಗಲಿಲ್ಲ.

ಚಿಕ್ಕಪ್ಪ: ಅದಕ್ಕೇ ಇಲ್ಲಿ, ಜಪಾನಿನಲ್ಲಿ, ಕತ್ತಿ ನೋಡಲು ಕಲಿಯುವವರಿಗೆ ಹೆಸರು ಮುಚ್ಚಿಟ್ಟು ಕಲಿಸುತ್ತಾರೆ. ಕಾಂತೇಯಿ ಸಭೆ ಅಂತ ನಡೆಯುತ್ತದೆ. ಮೇಜಿನ ಮೇಲೆ ಸಾಮಾನ್ಯವಾಗಿ ಐದು ಕತ್ತಿ ಇಟ್ಟಿರುತ್ತಾರೆ. ಹಿಡಿಯೊಳಗೆ ಹೋಗುವ ಬಾಲವನ್ನು ನಕಾಗೊ ಅನ್ನುತ್ತಾರೆ, ಮಾಡಿದವನ ಹೆಸರು ಇರುವುದು ಅಲ್ಲೇ. ಅದನ್ನು ಬಟ್ಟೆ ಸುತ್ತಿ ಮುಚ್ಚಿರುತ್ತಾರೆ. ಒಬ್ಬೊಬ್ಬರೇ ಹೋಗಿ, ಕತ್ತಿಗೆ ತಲೆಬಾಗಿ, ದೀಪಕ್ಕೆ ಹಿಡಿದು ನೋಡಿ, ಇದು ಯಾರ ಕೆಲಸ ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ಸರಿಯಿದ್ದರೆ ‘ಆತಾರಿ’. ಅದೇ ಮನೆತನದ, ಅದೇ ಕೈಯ ಇನ್ನೊಬ್ಬನನ್ನು ಬರೆದಿದ್ದರೆ ‘ದೋಜೆನ್’, ಅಂದರೆ ಸರಿಗೆ ಸಮ. ದಾರಿ ತಪ್ಪಿದ್ದರೆ ‘ಇಯಾ’. ಹೀಗೆ ಮೂರು ಸಲ ಬರೆಯಬಹುದು. ಎಲ್ಲ ಮುಗಿದ ಮೇಲೆ ಬಟ್ಟೆ ಬಿಚ್ಚಿ ಹೆಸರು ತೋರಿಸುತ್ತಾರೆ.

ಅವಳು: ಒಗಟು ಬಿಡಿಸುವ ಆಟದ ಹಾಗಿದೆಯಲ್ಲ.

ಚಿಕ್ಕಪ್ಪ: ಅಲ್ಲಿ ಊಹೆ ನಡೆಯುವುದಿಲ್ಲ. ಕಂಡದ್ದು ಬರೆಯಬೇಕು, ಕಂಡದ್ದಕ್ಕೆ ಕಾರಣ ಹೇಳಬೇಕು. ಮೊದಲು ಆಕಾರ. 12ನೇ ಶತಮಾನದ ತಾಚಿ ಕುದುರೆಯ ಮೇಲಿನವನ ಕತ್ತಿ. ಉದ್ದ ಹೆಚ್ಚು, ಬಾಗು ಹಿಡಿಯ ಹತ್ತಿರವೇ ಜೋರು, ಮೊನೆಯ ಕಡೆ ಸಣ್ಣಗಾಗುತ್ತಾ ಹೋಗುತ್ತದೆ. 14ನೇ ಶತಮಾನದ ನಡುವಿಗೆ ಬಂದರೆ ಅಲಗು ಅಗಲವಾಗುತ್ತದೆ, ಮೊನೆ ಉದ್ದವಾಗುತ್ತದೆ. 1660ರ ದಶಕದ, ಎದೊ ಕಾಲದ ಕತ್ತಿಯಲ್ಲಿ ಬಾಗೇ ಇಲ್ಲವೇನೋ ಅನ್ನಿಸುತ್ತದೆ. ಅಂದರೆ ಆಕಾರ ಕಾಲವನ್ನು ಹೇಳುತ್ತದೆ. ಆಮೇಲೆ ಉಕ್ಕಿನ ಮೈ. ಮರದ ಹಲಗೆಯಲ್ಲಿ ಎಳೆ ಕಾಣುತ್ತದಲ್ಲ, ಹಾಗೆ ಇಲ್ಲೂ ಎಳೆ ಇದೆ. ಎಲ್ಲೋ ನೇರ, ಎಲ್ಲೋ ಗಂಟುಗಂಟು, ಎಲ್ಲೋ ಅಲೆ. ಯಾಮಾಶಿರೊ, ಯಾಮಾತೊ, ಬಿಜೆನ್, ಸೋಶೂ, ಮಿನೊ ಎಂಬ ಐದು ಪ್ರಾಂತದ ಪರಂಪರೆಗಳಲ್ಲಿ ಇದು ಯಾವುದು ಎಂಬುದಕ್ಕೆ ಆ ಎಳೆ ಸಾಕ್ಷಿ. ಕಡೆಗೆ ಬಾಯಿಯ ಗುಂಟ ಹೋಗುವ ಹದದ ಗೆರೆ, ಹಾಮೊನ್. ಅಲ್ಲಿ ಆ ಒಬ್ಬ ಮನುಷ್ಯನ ಕೈ ಇರುತ್ತದೆ. ಕಾಲ, ಊರು, ಕೈ. ಈ ಮೂರೂ ಕೂಡಿ ಒಂದೇ ಹೆಸರಿಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ನೋಡಿದ್ದು ಸಾಲದು ಅಂತ ಅರ್ಥ. ಈಗ ಹೇಳು, ಹೆಸರಿಲ್ಲದ್ದರಲ್ಲಿ ಏನು ಕಂಡೆ?

ಅವಳು: ಹಾಮೊನ್ ಲವಂಗದ ಮೊಗ್ಗುಗಳನ್ನು ಸಾಲಾಗಿ ಜೋಡಿಸಿದ ಹಾಗಿತ್ತು. ಅದಕ್ಕೂ ಬೆನ್ನಿಗೂ ನಡುವೆ ಒಂದು ಕಡೆ ಬೆಳ್ಳಗೆ ಮಂಜು ಕವಿದ ಹಾಗೆ ಇತ್ತು. ನಾನು ಕಲೆ ಅಂದುಕೊಂಡೆ. ಒರೆಸಿದರೂ ಹೋಗಲಿಲ್ಲ.

ಚಿಕ್ಕಪ್ಪ: ಬೆರಳಲ್ಲಿ ಒರೆಸಲಿಲ್ಲ ತಾನೆ?

ಅವಳು: ಇಲ್ಲ ಚಿಕ್ಕಪ್ಪ, ಅಂಗಡಿಯವರೇ ಮೆತ್ತನೆ ಕಾಗದದಲ್ಲಿ ಒರೆಸಿದರು.

ಚಿಕ್ಕಪ್ಪ: ಸದ್ಯ. ಬೆರಳಿನ ಬೆವರು ತಾಗಿದ ಕಡೆ ಕೆಲವೇ ದಿನದಲ್ಲಿ ತುಕ್ಕು ಏಳುತ್ತದೆ. ಅಲಗಿನ ಮೇಲೆ ಬಾಗಿ ಮಾತಾಡುವುದೂ ಬೇಡ, ಎಂಜಲ ಹನಿ ಸಾಕು. ಆ ಮಂಜಿನ ವಿಷಯಕ್ಕೆ ಬರುತ್ತೇನೆ, ತುಸು ತಾಳು. ಅದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಕುಲುಮೆಗೆ ಹೋಗಬೇಕು.

ಅವಳು: ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದಿದವರು ನೀವು. ಕುಲುಮೆ ಬಿಟ್ಟು ಮಾತು ಶುರುವಾಗುವುದಿಲ್ಲ.

ಚಿಕ್ಕಪ್ಪ: ಶುರುವಾಗಬಾರದು. ಜಪಾನಿನಲ್ಲಿ ಒಳ್ಳೆಯ ಅದಿರಿನ ಬಂಡೆ ಕಡಿಮೆ. ಇರುವುದು ಕಬ್ಬಿಣದ ಮರಳು. ಶಿಮಾನೆ ಜಿಲ್ಲೆಯ ಒಕುಇಝುಮೊದಲ್ಲಿ ಇವತ್ತಿಗೂ ಚಳಿಗಾಲದಲ್ಲಿ ಮಣ್ಣಿನ ಕುಲುಮೆ ಕಟ್ಟುತ್ತಾರೆ, ತತಾರ ಅಂತ ಅದರ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಿಂತೇಹೋಗಿದ್ದನ್ನು 1977ರಲ್ಲಿ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಮತ್ತೆ ಹೊತ್ತಿಸಿತು. ಮೂರು ಹಗಲು, ಮೂರು ರಾತ್ರಿ ಬೆಂಕಿ ಆರುವ ಹಾಗಿಲ್ಲ. ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಹಾಕಿದರೆ ಕಡೆಗೆ ಸಿಗುವುದು ಎರಡೂವರೆ ಟನ್ನಿನ ಒಂದು ಮುದ್ದೆ. ಅದನ್ನು ಹೊರಗೆ ತೆಗೆಯಲು ಕುಲುಮೆಯನ್ನೇ ಒಡೆಯಬೇಕು. ಆ ಮುದ್ದೆಯಲ್ಲೂ ಕತ್ತಿಗೆ ಒದಗುವ ತಮಾಹಗಾನೆ ಉಕ್ಕು ಒಂದು ಟನ್ನಿಗಿಂತ ಕಡಿಮೆ. ಕುಲುಮೆಯ ಯಜಮಾನನಿಗೆ ಮುರಾಗೆ ಅನ್ನುತ್ತಾರೆ. ಉರಿಯ ಬಣ್ಣ ನೋಡಿ, ಒಳಗಿನ ಸದ್ದು ಕೇಳಿ ಯಾವಾಗ ಮರಳು, ಯಾವಾಗ ಇದ್ದಿಲು ಎಂದು ತೀರ್ಮಾನಿಸುತ್ತಾನೆ.

ಅವಳು: ನಮ್ಮ ಕಡೆಯ ಉಕ್ಕೂ ಜಗತ್ಪ್ರಸಿದ್ಧ ಅಂತ ಓದಿದ್ದೇನೆ. ಅದೇ ಬಗೆಯದಾ?

ಚಿಕ್ಕಪ್ಪ: ಪೂರ್ತಿ ಬೇರೆ. ಕಂಪನಿ ಸರ್ಕಾರದ ಅಧಿಕಾರಿ ಬುಕಾನನ್ 1800ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ತಿರುಗಿ ಬರೆದಿಟ್ಟಿದ್ದಾನಲ್ಲ, ನಮ್ಮವರು ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸಿ ಕರಗಿಸುತ್ತಿದ್ದರು. ಕರಗಿ ನಿಧಾನವಾಗಿ ತಣಿಯುವಾಗ ಒಳಗೆ ಇಂಗಾಲ ಕಬ್ಬಿಣ ಕೂಡಿದ ಗಟ್ಟಿ ಕಣಗಳು ಸಾಲುಗಟ್ಟುತ್ತವೆ. ಆ ಉಕ್ಕಿನಿಂದ ಮಾಡಿದ ಪರ್ಶಿಯಾದ ಕತ್ತಿಯ ಮೇಲೆ ನೀರಿನ ಅಲೆಯಂತೆ ಕಾಣುವುದು ಆ ಸಾಲುಗಳೇ. ಜಪಾನಿನವನು ತಮಾಹಗಾನೆಯನ್ನು ಕರಗಿಸಲೇ ಇಲ್ಲ. ಕಾಯಿಸಿದ, ಬಡಿದ, ಮಡಚಿದ, ಮತ್ತೆ ಬಡಿದ. ಹತ್ತು-ಹದಿನೈದು ಮಡಿಕೆ. ಲೆಕ್ಕ ಹಾಕಿದರೆ ಸಾವಿರಾರು ಪದರ ಆಗುತ್ತದೆ, ಜನ ಅದನ್ನೇ ದೊಡ್ಡದಾಗಿ ಹೇಳುತ್ತಾರೆ. ಆದರೆ ಮಡಚುವುದು ಕಿಟ್ಟ ಹೊರಗೆ ಹಾಕುವುದಕ್ಕೆ, ಎಲ್ಲೋ ಹೆಚ್ಚು ಎಲ್ಲೋ ಕಡಿಮೆ ಇರುವ ಇಂಗಾಲವನ್ನು ಎಲ್ಲ ಕಡೆ ಸಮ ಮಾಡುವುದಕ್ಕೆ. ಹಾಗೆ ಮಡಚಿದ ಗುರುತೇ ಮೈಮೇಲಿನ ಎಳೆ. ಇನ್ನು ಹದ ಕೊಡುವುದು. ಜೇಡಿ, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿದ ಮಣ್ಣನ್ನು ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮೆತ್ತುತ್ತಾನೆ. ಕೋಣೆ ಕತ್ತಲು ಮಾಡಿ, ಅಲಗಿನ ಕೆಂಪು ಸರಿಯಾದ ಬಣ್ಣಕ್ಕೆ ಬರುವ ತನಕ ಕಾಯುತ್ತಾನೆ. ಆಮೇಲೆ ಒಮ್ಮೆಲೇ ನೀರಿಗೆ. ತೆಳು ಮಣ್ಣಿನ ಬಾಯಿ ಥಟ್ಟನೆ ತಣಿದು ಗಾಜಿನಷ್ಟು ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗಡುಸಾದ ಉಕ್ಕಿಗೆ ತುಸು ಹೆಚ್ಚು ಜಾಗ ಬೇಕು. ಹಾಗಾಗಿ ಬಾಯಿ ಹಿಗ್ಗಿ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಆ ಚೆಲುವಾದ ಬಾಗಿನಲ್ಲಿ ಬಹುಪಾಲು ನೀರಿನೊಳಗೆ ಆದದ್ದು. ಎಷ್ಟೋ ಅಲಗು ಅಲ್ಲೇ ಬಿರುಕು ಬಿಡುತ್ತವೆ.

ಅವಳು: ಹಾಮೊನ್ ಅಂದರೆ ಗಡುಸು ಮೆದು ಸೇರುವ ಗಡಿ.

ಚಿಕ್ಕಪ್ಪ: ಹೌದು. ಆ ಗಡಿಯನ್ನು ದೀಪಕ್ಕೆ ಹಿಡಿದರೆ ಎರಡು ತರಹ ಕಾಣುತ್ತದೆ. ಬಿಡಿಬಿಡಿಯಾಗಿ ಮಿನುಗುವ ಕಾಳು ಕಂಡರೆ ನಿಯೆ. ಕಾಳೇ ಬಿಡಿಸಲಾಗದೆ ಒಟ್ಟಾಗಿ ಮಂಜಿನಂತೆ ತೋರಿದರೆ ನಿಯೊಯಿ. ಎರಡೂ ಒಂದೇ ವಸ್ತು, ಕಣದ ಗಾತ್ರದಲ್ಲಿ ವ್ಯತ್ಯಾಸ ಅಷ್ಟೆ. ಸೋಶೂ ಪರಂಪರೆಯಲ್ಲಿ ನಿಯೆ ಹೆಚ್ಚು, ಆ ಪರಂಪರೆಯ ಕಮ್ಮಾರ ಮಸಮುನೆ ಹೆಸರಾದದ್ದು ಅದರಿಂದಲೇ. ಬಿಜೆನ್ ಕತ್ತಿಯಲ್ಲಿ ನಿಯೊಯಿ. ನೀನು ಕಂಡ ಆ ಬಿಳಿ ಮಂಜು ಹಾಮೊನ್ನಿನದಲ್ಲ, ಅದರಾಚೆಯದು. ಉತ್ಸುರಿ ಅಂತಾರೆ, ಹದದ ಗೆರೆಯ ನೆರಳು ಉಕ್ಕಿನ ಮೈಮೇಲೆ ಬಿದ್ದ ಹಾಗೆ. ಹಳೆಯ ಬಿಜೆನ್ ಕೆಲಸದ ದೊಡ್ಡ ಗುರುತು. ಅದು ಹೇಗೆ ಬರುತ್ತಿತ್ತು ಎಂದು ಆ ಕಮ್ಮಾರರು ಬರೆದಿಡಲಿಲ್ಲ. ಕಳೆದ ಶತಮಾನದಲ್ಲಿ ಅದನ್ನು ಮತ್ತೆ ತರಲು ವರ್ಷಗಟ್ಟಲೆ ಕುಲುಮೆಯ ಮುಂದೆ ಕೂತವರಿದ್ದಾರೆ. ನೀನು ಕಲೆ ಅಂದುಕೊಂಡದ್ದು ಅದು.

ಅವಳು: ಅಂಗಡಿಯವರು ಕೊಟ್ಟ ಕಾಗದದಲ್ಲಿ ‘ಒಸಾಫುನೆ’ ಅಂತಲೇ ಇದೆ.

ಚಿಕ್ಕಪ್ಪ: ಇರಲಿ. ಕಾಗದ ಓದುವ ಮೊದಲೇ ನಿನ್ನ ಕಣ್ಣು ಅಲ್ಲಿಗೆ ಹೋಗಿತ್ತು. ಒಸಾಫುನೆ ಇರುವುದು ಒಕಾಯಾಮಾದಲ್ಲಿ, ಅಂದರೆ ಹಳೆಯ ಬಿಜೆನ್ ಪ್ರಾಂತದಲ್ಲಿ, ಯೋಶಿಇ ನದಿಯ ದಡದಲ್ಲಿ. ಮರಳು, ಇದ್ದಿಲು, ನೀರು, ಸಾಗಿಸಲು ನದಿ, ಎಲ್ಲ ಒಂದೆಡೆ. ತಲೆಮಾರುಗಟ್ಟಲೆ ಅಷ್ಟೊಂದು ಕಮ್ಮಾರರು ಇನ್ನೆಲ್ಲೂ ಇರಲಿಲ್ಲ. 16ನೇ ಶತಮಾನದ ಕೊನೆಗೆ ನದಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಯಿತು, ಕಸುಬು ಮತ್ತೆ ಮೊದಲಿನಂತೆ ಏಳಲೇ ಇಲ್ಲ. ರಾಷ್ಟ್ರೀಯ ನಿಧಿ ಎಂದು ಸಾರಿರುವ ನೂರಕ್ಕೂ ಹೆಚ್ಚು ಕತ್ತಿಗಳಲ್ಲಿ ದೊಡ್ಡ ಪಾಲು ಬಿಜೆನ್‌ನದೇ.

ಅವಳು: ಹಾಗಾದರೆ ಅದರ ಬುಡ ಕತ್ತರಿಸಿ ಹೆಸರು ಅಳಿಸಿದವನ ಮೇಲೆ ಸಿಟ್ಟು ಬರುವುದಿಲ್ಲವಾ?

ಚಿಕ್ಕಪ್ಪ: ಬರುವುದಿಲ್ಲ. ಕುದುರೆ ಮೇಲಿನ ಕಾಳಗ ಹೋಗಿ ಕಾಲಾಳುಗಳ ಕಾಳಗ ಬಂದಾಗ ಉದ್ದದ ತಾಚಿ ಭಾರವಾಯಿತು. ಮೊನೆಯಿಂದ ಕತ್ತರಿಸಿದರೆ ಹದವೇ ಹೋಗುತ್ತದೆ, ಹಾಗಾಗಿ ಬಾಲದ ಕಡೆಯಿಂದ ಮೋಟು ಮಾಡಿದರು. ಹೆಸರು ಇದ್ದದ್ದೂ ಅಲ್ಲೇ. ಬೇಕಿಲ್ಲದ ಕತ್ತಿಯನ್ನು ಯಾರೂ ಮೋಟು ಮಾಡುವುದಿಲ್ಲ, ಕರಗಿಸುತ್ತಾರೆ. ಕೆಲವರು ಹೆಸರಿದ್ದ ತುಂಡನ್ನು ಮಡಚಿ ಹಾಗೇ ಉಳಿಸಿದ್ದಾರೆ. ಕೆಲವರು ಹೆಸರಿನ ಭಾಗವನ್ನಷ್ಟೇ ಚೌಕಾಕಾರದಲ್ಲಿ ಕತ್ತರಿಸಿ ಹೊಸ ಬಾಲದಲ್ಲಿ ಕೂಡಿಸಿದ್ದಾರೆ. ಆ ಕೆಲಸ ಕಂಡಾಗೆಲ್ಲ ನನಗೆ ಕಮ್ಮಾರನಷ್ಟೇ ಆ ಕತ್ತರಿಸಿದವನ ಮೇಲೂ ಗೌರವ ಬರುತ್ತದೆ.

ಅವಳು: ಆದರೂ ಹೆಸರಿದ್ದರೆ ಒಂದು ಧೈರ್ಯ. ಹಿಝೆನ್ ಕತ್ತಿಯಲ್ಲಿ ಊಹೆಗೆ ಜಾಗವಿಲ್ಲ.

ಚಿಕ್ಕಪ್ಪ: ಅಲ್ಲೇ ಹೆಚ್ಚು ಎಚ್ಚರ ಬೇಕು. ಹೆಸರು ಕೆತ್ತಲು ಒಂದು ಉಳಿ, ಒಂದು ಸುತ್ತಿಗೆ ಸಾಕು. ಸುಳ್ಳು ಹೆಸರಿಗೆ ಗಿಮೆಯಿ ಅನ್ನುತ್ತಾರೆ, ಅದು ನಿನ್ನೆ ಮೊನ್ನೆ ಹುಟ್ಟಿದ ವ್ಯಾಪಾರವಲ್ಲ. ಎದೊದಲ್ಲಿ, ಅಂದರೆ ಈಗಿನ ತೋಕಿಯೊದಲ್ಲಿ, ಕೊತೆತ್ಸು ಎಂಬ ಕಮ್ಮಾರನಿದ್ದ. ಮೊದಲು ಕವಚ ಮಾಡುತ್ತಿದ್ದವನು ನಡುವಯಸ್ಸು ದಾಟಿದ ಮೇಲೆ ಕತ್ತಿಗೆ ಕೈಹಾಕಿದ. ಅವನ ಅಲಗು ಚೆನ್ನಾಗಿ ಕಡಿಯುತ್ತದೆ ಎಂಬ ಕೀರ್ತಿ ಹಬ್ಬಿದ್ದೇ ತಡ, ಎಲ್ಲೆಲ್ಲೂ ಅವನ ಹೆಸರು. ಕೊತೆತ್ಸು ಎಂದು ಕೆತ್ತಿದ ಕತ್ತಿ ಕಂಡರೆ ಮೊದಲು ಸುಳ್ಳು ಅಂತಲೇ ಎಣಿಸು ಎಂದು ಇಲ್ಲಿ ಹೊಸಬರಿಗೆ ಹೇಳುತ್ತಾರೆ. ಹಿಝೆನ್ ಹೆಸರುಗಳನ್ನೂ ಬೇಕಾದಷ್ಟು ಜನ ಕದ್ದಿದ್ದಾರೆ. ಮಸಮುನೆಯ ಕಥೆ ತದ್ವಿರುದ್ಧ. ಜಪಾನಿನಲ್ಲೇ ಅತಿ ದೊಡ್ಡ ಹೆಸರು, ಅವನು ಕೈಯಾರೆ ಹೆಸರು ಕೆತ್ತಿದ್ದು ಎಂದು ಒಪ್ಪಿರುವುದು ಬೆರಳೆಣಿಕೆಯಷ್ಟು ಚೂರಿಗಳು. ಉಳಿದದ್ದೆಲ್ಲ ಹೆಸರಿಲ್ಲದ ಅಲಗು. ಮೇಜಿ ಚಕ್ರವರ್ತಿಯ ಕಾಲದಲ್ಲಿ ಮಸಮುನೆ ಎಂಬವನೇ ಇರಲಿಲ್ಲ ಎಂಬ ವಾದವೂ ಎದ್ದಿತ್ತು. ಆ ಅಲಗುಗಳು ಅವನವೆಂದು ಹೇಳಿದ್ದು ಕಣ್ಣು.

ಅವಳು: ಯಾರ ಕಣ್ಣು? ಅವರನ್ನು ನಂಬುವುದು ಹೇಗೆ?

ಚಿಕ್ಕಪ್ಪ: ಹೊನ್‌ಆಮಿ ಮನೆತನದವರದ್ದು. ಕತ್ತಿಗೆ ಸಾಣೆ ಹಿಡಿಯುವುದು, ಒರೆಸುವುದು, ಬೆಲೆ ಕಟ್ಟುವುದು, ಈ ಮೂರೂ ಅವರ ವಂಶದ ಕೆಲಸ. ಹೊನ್‌ಆಮಿ ಕೋಎತ್ಸು ಗೊತ್ತಲ್ಲ, ಬರವಣಿಗೆಗೂ ಮಣ್ಣಿನ ಬಟ್ಟಲಿಗೂ ಹೆಸರಾದವನು, ಅವನು ಇದೇ ಮನೆಯವನು. ಸೇನಾನಿಗಳು ಯುದ್ಧ ಗೆದ್ದವರಿಗೆ ಭೂಮಿಯ ಬದಲು ಕತ್ತಿ ಕೊಡತೊಡಗಿದಾಗ ಅದರ ಬೆಲೆ ಹೇಳುವವನು ಬೇಕಾದ. ಇವರು ಕಾಗದ ಬರೆದು ಚಿನ್ನದ ನಾಣ್ಯದ ಲೆಕ್ಕದಲ್ಲಿ ಬೆಲೆ ಕಟ್ಟಿ ಕೊಟ್ಟರು. ಮೋಟು ಮಾಡಿದ ಕತ್ತಿಗಳ ಬಾಲದ ಮೇಲೆ ಚಿನ್ನದಲ್ಲಿ ಹೆಸರು ಕೂರಿಸಿದರು. 1719ರಲ್ಲಿ ಶೋಗನ್ ಯೋಶಿಮುನೆಯ ಅಪ್ಪಣೆಯ ಮೇಲೆ ನಾಡಿನ ಹೆಸರಾಂತ ಕತ್ತಿಗಳ ಪಟ್ಟಿಯನ್ನೂ ಮಾಡಿದರು. ಹಣದ ಆಸೆಗೆ, ಒಡೆಯರ ಮೆಚ್ಚುಗೆಗೆ ಕೆಲವು ತೀರ್ಪು ಸಡಿಲಾದದ್ದೂ ಉಂಟು. ಆದರೆ ನೂರಾರು ವರ್ಷ ಒಂದೇ ಮನೆಯಲ್ಲಿ ಅಲಗುಗಳು ಕೈಯಿಂದ ಕೈಗೆ ಹಾದುಹೋದಾಗ ಹುಟ್ಟುವ ತಿಳಿವಳಿಕೆ ಪುಸ್ತಕದಲ್ಲಿ ಸಿಗುವುದಿಲ್ಲ. ಈಗ ಆ ಕೆಲಸ ಮಾಡುವುದು 1948ರಲ್ಲಿ ಹುಟ್ಟಿದ ಆ ಸಂರಕ್ಷಣಾ ಸಂಘ, ರ್‍ಯೋಗೊಕುವಿನಲ್ಲಿ ಖಡ್ಗ ವಸ್ತುಸಂಗ್ರಹಾಲಯ ನಡೆಸುವವರು. ಹೊಜೋನ್, ತೊಕುಬೆತ್ಸು ಹೊಜೋನ್, ಜೂಯೋ, ತೊಕುಬೆತ್ಸು ಜೂಯೋ ಎಂದು ನಾಲ್ಕು ಮೆಟ್ಟಿಲು. ಸುಳ್ಳು ಹೆಸರಿದ್ದರೆ ಕಾಗದವೇ ಕೊಡುವುದಿಲ್ಲ. ಹಿಝೆನ್ ಕತ್ತಿಗೆ ಕಾಗದ ಇದೆಯಾ?

ಅವಳು: ಇಲ್ಲ. ಕೇಳಿದ್ದಕ್ಕೆ, ಕಳಿಸಿದರೆ ಖಂಡಿತ ಸಿಗುತ್ತದೆ ಅಂದರು.

ಚಿಕ್ಕಪ್ಪ: ಖಂಡಿತ ಸಿಗುವುದಾದರೆ ಅವರೇ ಕಳಿಸಿ, ಬೆಲೆ ಏರಿಸಿ ಮಾರುತ್ತಿದ್ದರು. ಬಾಲದ ತುಕ್ಕು ಹೇಗಿತ್ತು?

ಅವಳು: ತುಕ್ಕೇ ಇರಲಿಲ್ಲ. ಬಾಲ ಕೂಡ ಚೊಕ್ಕಟವಾಗಿ ಬೆಳ್ಳಗಿತ್ತು.

ಚಿಕ್ಕಪ್ಪ: ಅಯ್ಯೋ! ಮುನ್ನೂರೈವತ್ತು ವರ್ಷದ ಕತ್ತಿಯ ಬಾಲ ಬೆಳ್ಳಗಿದ್ದರೆ ಯಾರೋ ಅದನ್ನು ಉಜ್ಜಿದ್ದಾರೆ. ಕಾಲಕಾಲಕ್ಕೆ ಕೂತ ತುಕ್ಕು ನುಣ್ಣಗೆ, ಕಪ್ಪು ಕಂದಾಗಿ, ಅರದ ಗೆರೆಗಳೊಳಗೂ ಹೆಸರಿನ ಗೀರಿನೊಳಗೂ ಒಂದೇ ಸಮ ಇಳಿದಿರಬೇಕು. ಹೆಸರು ಆಮೇಲೆ ಕೆತ್ತಿದ್ದಾದರೆ ಆ ಗೀರಿನೊಳಗೆ ತುಕ್ಕಿನ ಬಣ್ಣ ಬೇರೆಯೇ ಕಾಣುತ್ತದೆ. ಅಲಗನ್ನು ಎಷ್ಟು ಸಲ ಸಾಣೆ ಹಿಡಿದರೂ ಬಾಲವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕತ್ತಿಯ ವಯಸ್ಸಿಗೆ ಅದು ದೊಡ್ಡ ಸಾಕ್ಷಿ. ವಿದೇಶಗಳಲ್ಲಿ ಅಜ್ಜನ ಅಟ್ಟದಲ್ಲಿ ಸಿಕ್ಕ ಕತ್ತಿಯ ಬಾಲವನ್ನು ಮರಳುಕಾಗದದಲ್ಲಿ ಉಜ್ಜಿ ಹೊಳೆಯಿಸಿದವರಿದ್ದಾರೆ, ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡೇ. ಅರ್ಧ ಗಂಟೆಯ ಕೆಲಸ. ಅದನ್ನು ಸರಿಪಡಿಸುವ ವಿದ್ಯೆ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

ಅವಳು: ಸರಿ, ಹೆಸರಿಲ್ಲದ್ದೇ ಇರಲಿ. ಗೀರುಗಳನ್ನು ತೆಗೆಸಿ ಹೊಸದಾಗಿ ಸಾಣೆ ಹಿಡಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಂದರು ಅಂಗಡಿಯವರು.

ಚಿಕ್ಕಪ್ಪ: ಕಾಣುತ್ತದೆ. ಒಳ್ಳೆಯ ಸಾಣೆಗಾರನ ಕೈಯಲ್ಲಿ ಕಣ್ಣಿಗೆ ಕಾಣದಿದ್ದ ನಿಯೊಯಿ ಎದ್ದುಬರುತ್ತದೆ. ಅವರು ಒರಟು ಕಲ್ಲಿನಿಂದ ಶುರುಮಾಡಿ ಒಂದೊಂದೇ ನಯವಾದ ಕಲ್ಲಿಗೆ ಬರುತ್ತಾರೆ. ಕಡೆಯ ಕಲ್ಲುಗಳು ಕ್ಯೋಟೊ ಸುತ್ತಲಿನ ಗುಡ್ಡದವು. ಅವನ್ನು ಉಗುರಿನಗಲ ಬಿಲ್ಲೆ ಮಾಡಿ, ಹೆಬ್ಬೆರಳ ಕೆಳಗೆ ಇಟ್ಟು, ಇಷ್ಟಿಷ್ಟೇ ಉಜ್ಜುತ್ತಾರೆ. ವಾರಗಟ್ಟಲೆ ಹಿಡಿಯುತ್ತದೆ. ಖರ್ಚು ಎಷ್ಟೋ ಸಲ ಕತ್ತಿಯ ಬೆಲೆಯಷ್ಟೇ ಆಗುತ್ತದೆ. ನನ್ನ ಚಿಂತೆ ಖರ್ಚಿನದಲ್ಲ. ಪ್ರತಿ ಸಾಣೆಗೂ ಉಕ್ಕು ಸವೆಯುತ್ತದೆ. ಹೊರಗಿನ ಗಟ್ಟಿ ಉಕ್ಕು ತೆಳ್ಳಗಾಗಿ ಒಳಗಿನ ಮೆದು ಉಕ್ಕು ಅಲ್ಲಲ್ಲಿ ಇಣುಕಿದರೆ ಅದನ್ನು ‘ದಣಿದ’ ಕತ್ತಿ ಅನ್ನುತ್ತಾರೆ. ಆರುನೂರು ವರ್ಷ ಕಳೆದ ಅಲಗಿಗೆ ಎಷ್ಟು ಸಾಣೆ ಆಗಿದೆಯೋ, ಇನ್ನೆಷ್ಟು ತಡೆದೀತೋ ಎಂದು ಅಳೆದು ಹೇಳಬಲ್ಲವನು ಸಾಣೆಗಾರನೇ. ಉತ್ಸುರಿ ಈಗಲೇ ನಿನ್ನ ಕಣ್ಣಿಗೆ ಬಿದ್ದಿದೆ ಅಂದರೆ ಸಾಣೆ ಇನ್ನೂ ಬದುಕಿದೆ. ಒಂದೆರಡು ಗೀರಿಗಾಗಿ ಅದರ ಆಯುಸ್ಸಿನ ಒಂದು ಪಾಲು ಕಳೆಯಬೇಡ. ಹಳೆಯ ಎಣ್ಣೆ ಒರೆಸಿ ಹೊಸ ಎಣ್ಣೆ ಹಚ್ಚುತ್ತಿರು, ಸಾಕು.

ಅವಳು: ಆ ಬಿಳಿ ಪುಡಿ ತಟ್ಟಿ ಒರೆಸುವುದನ್ನು ಸಿನಿಮಾದಲ್ಲಿ ನೋಡಿದ್ದೇನೆ.

ಚಿಕ್ಕಪ್ಪ: ಉಚಿಕೊ. ಸಾಣೆಕಲ್ಲಿನ ನುಣ್ಣನೆ ಪುಡಿ ಅದು. ತಟ್ಟಿ ತಟ್ಟಿ ಒರೆಸಿದರೆ ವರ್ಷಗಳಲ್ಲಿ ಅದೂ ಸಣ್ಣ ಗೀರು ಬಿಡುತ್ತದೆ. ಈಗ ಅನೇಕರು ನುಣುಪು ಬಟ್ಟೆಯಷ್ಟೇ ಬಳಸುತ್ತಾರೆ, ನಾನೂ ಹಾಗೇ. ಇಡುವುದು ಬಣ್ಣಬಣ್ಣದ ಒರೆಯಲ್ಲಲ್ಲ, ಹೊನೊಕಿ ಮರದ ಸಾದಾ ಒರೆಯಲ್ಲಿ. ಅದರ ಎರಡು ಹೋಳನ್ನು ಅನ್ನದ ಅಂಟಿನಲ್ಲಿ ಕೂಡಿಸಿರುತ್ತಾರೆ. ಒಳಗೆ ತುಕ್ಕೋ ಧೂಳೋ ಸೇರಿದರೆ ಬಿಡಿಸಿ ಶುಚಿ ಮಾಡಬಹುದು.

ಅವಳು: ಚಿಕ್ಕಪ್ಪ, ಒಂದು ಮಾತು ಕೇಳುತ್ತೇನೆ. ಇಷ್ಟೆಲ್ಲ ಹೇಳುತ್ತಿದ್ದೀರಿ, ಎಳೆ, ಮಂಜು, ಮೊಗ್ಗು. ಇದು ಮನುಷ್ಯರನ್ನು ಕಡಿಯಲು ಮಾಡಿದ ವಸ್ತು. ಅದನ್ನು ಹೂವಿನ ಹಾಗೆ ನೋಡುವುದು ಸರಿಯಾ?

ಚಿಕ್ಕಪ್ಪ: ಕಡಿಯಲು ಮಾಡಿದ್ದು ಎಂಬುದನ್ನು ಮರೆತು ನೋಡುವುದು ಸರಿಯಲ್ಲ. ಎದೊ ಕಾಲದಲ್ಲಿ ಕತ್ತಿಯ ಕಡಿತ ಪರೀಕ್ಷಿಸುತ್ತಿದ್ದದ್ದು ಮರಣದಂಡನೆಗೆ ಒಳಗಾದವರ ಹೆಣಗಳ ಮೇಲೆ. ಯಾಮಾದಾ ಅಸಾಎಮೊನ್ ಎಂಬ ಹೆಸರಿನಲ್ಲಿ ತಲೆಮಾರುಗಟ್ಟಲೆ ಒಂದೇ ಮನೆ ಆ ಕೆಲಸ ಮಾಡಿತು. ಒಂದೇ ಏಟಿಗೆ ಎರಡು ದೇಹ ಕಡಿಯಿತು ಎಂಬಂಥ ಮಾತನ್ನು ಬಾಲದ ಮೇಲೆ ಚಿನ್ನದಲ್ಲಿ ಬರೆಸಿದ್ದಾರೆ. ಮಾರುಕಟ್ಟೆಯಲ್ಲಿ ಅಂಥ ಕತ್ತಿಗೆ ಬೆಲೆ ಹೆಚ್ಚು. ನಾನು ಕೊಳ್ಳುವುದಿಲ್ಲ. ಆದರೆ ಆ ಬರಹವನ್ನು ಅಳಿಸಿಬಿಡು ಎಂದರೂ ಒಪ್ಪುವುದಿಲ್ಲ. ಆ ಹೆಣವಾದವರಿಗೆ ಬೇರೆ ಯಾವ ಕಲ್ಲೂ ಇಲ್ಲ, ಕಾಗದವೂ ಇಲ್ಲ.

ಅವಳು: ಅದು ಎದೊ. ನಮಗೆ ಹತ್ತಿರದ್ದು ಇದೆಯಲ್ಲ, ಎರಡನೇ ಮಹಾಯುದ್ಧ.

ಚಿಕ್ಕಪ್ಪ: ಇದೆ. ಬರ್ಮಾದಲ್ಲಿ, ಮಲಯಾದಲ್ಲಿ, ಚೀನಾದಲ್ಲಿ ಜಪಾನಿ ಸೈನ್ಯದ ಅಧಿಕಾರಿಗಳ ಸೊಂಟದಲ್ಲಿ ಕತ್ತಿ ಇತ್ತು, ಅದರಿಂದ ಕೈದಿಗಳ ತಲೆ ಹಾರಿಸಿದ್ದಾರೆ. ಅದನ್ನು ಮುಚ್ಚಿಟ್ಟು ಕತ್ತಿಯ ಸೊಬಗು ಮಾತಾಡುವವರ ಜೊತೆ ನಾನು ಕೂರುವುದಿಲ್ಲ. ಆ ಕತ್ತಿಗಳಲ್ಲಿ ಬಹಳಷ್ಟು ಕಾರ್ಖಾನೆಯ ಮಾಲು, ಇಲ್ಲಿ ನೋಂದಣಿಯೇ ಆಗುವುದಿಲ್ಲ. ಆದರೆ ಎಷ್ಟೋ ಅಧಿಕಾರಿಗಳು ಮನೆಯಲ್ಲಿದ್ದ ನಾನೂರು-ಐನೂರು ವರ್ಷದ ಅಲಗಿಗೆ ಸೈನ್ಯದ ಹಿಡಿ, ಒರೆ ಹಾಕಿಸಿಕೊಂಡು ಹೋದರು. ಸೋತಾಗ ಅಧಿಕಾರಿಗಳು ಕತ್ತಿ ಒಪ್ಪಿಸಲೇಬೇಕು ಎಂದು ಆಗ್ನೇಯ ಏಷ್ಯಾದಲ್ಲಿ ಹಟ ಹಿಡಿದವನು ಮೌಂಟ್‌ಬ್ಯಾಟನ್. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಶರಣಾಗತಿ ನಡೆದಾಗ ಭಾರತೀಯ ಸೇನೆಯ ಪರವಾಗಿ ಅಲ್ಲಿದ್ದವರು ನಮ್ಮ ಕೊಡಗಿನ ತಿಮ್ಮಯ್ಯ. ಅವರು ಅರಾಕಾನಿನಲ್ಲಿ ಇದೇ ಸೈ‌ನ್ಯದ ವಿರುದ್ಧ ಹೋರಾಡಿ ಬಂದವರು. ಹಾಗೆ ಒಪ್ಪಿಸಿದ ಕತ್ತಿಗಳು ಬ್ರಿಟನ್ನಿಗೆ, ಅಮೆರಿಕಕ್ಕೆ, ಆಸ್ಟ್ರೇಲಿಯಕ್ಕೆ, ನಮ್ಮ ದೇಶದ ಪಲ್ಟನ್ನುಗಳಿಗೂ ಹೋದವು. ಯಾವ ತುಕ್ಕುಹಿಡಿದ ಹಿಡಿಯೊಳಗೆ ಏನಿದೆಯೋ ಗೊತ್ತಾಗುವುದು ಬಿಚ್ಚಿದಾಗಲೇ.

ಅವಳು: ಜಪಾನಿನೊಳಗೆ ಉಳಿದವು?

ಚಿಕ್ಕಪ್ಪ: ಗೆದ್ದು ದೇಶವನ್ನು ವಶಕ್ಕೆ ಪಡೆದ ಸೇನೆ ಎಲ್ಲ ಆಯುಧ ಒಪ್ಪಿಸಿ ಅಂದಿತು. ಜನ ಹೊರೆಹೊರೆಯಾಗಿ ಪೊಲೀಸ್ ಠಾಣೆಗೆ ತಂದು ಹಾಕಿದರು. ಎಷ್ಟೋ ಕತ್ತಿ ಕರಗಿದವು, ಎಷ್ಟೋ ಸಮುದ್ರ ಸೇರಿದವು, ಸೈನಿಕರ ಪೆಟ್ಟಿಗೆಯಲ್ಲಿ ಊರು ಬಿಟ್ಟವು. ಹೊನ್‌ಜೊ ಮಸಮುನೆ ಹೋದದ್ದು ಹಾಗೇ. ತೊಕುಗಾವಾ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಕತ್ತಿ, 1939ರಲ್ಲಿ ರಾಷ್ಟ್ರೀಯ ನಿಧಿ ಎಂದು ಸಾರಿದ್ದರು. 1945ರ ಡಿಸೆಂಬರಿನಲ್ಲಿ ತೊಕುಗಾವಾ ಇಎಮಾಸಾ ಅದನ್ನು ಮೆಜಿರೊ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಅದು ಎಲ್ಲಿಗೆ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ. ಎಲ್ಲ ಹಾಗೇ ಹೋಗಬೇಕಿತ್ತು. ಹೊನ್ಮಾ ಜುಂಜಿ ಎಂಬ ವಿದ್ವಾಂಸರು ಅಮೆರಿಕದ ಅಧಿಕಾರಿಗಳಿಗೆ ಅಲಗುಗಳನ್ನು ಬಿಚ್ಚಿ ತೋರಿಸಿ, ಇವು ಆಯುಧವಷ್ಟೇ ಅಲ್ಲ, ಕಲಾಕೃತಿ ಎಂದು ಮನದಟ್ಟು ಮಾಡಿದರು. ಕ್ಯಾಡ್‌ವೆಲ್ ಎಂಬ ಕರ್ನಲ್ ಆ ಮಾತು ಕೇಳಿಸಿಕೊಂಡ. ತೋಕಿಯೊದ ಅಕಾಬಾನೆ ಡಿಪೊದಲ್ಲಿ ರಾಶಿ ಬಿದ್ದಿದ್ದ ಕತ್ತಿಗಳಿಂದ ಸಾವಿರಾರನ್ನು ಆರಿಸಿ ಉಳಿಸಿದರು. ಸೋತ ದೇಶದ ಒಬ್ಬ ಪಂಡಿತ, ಗೆದ್ದ ಸೈನ್ಯದ ಒಬ್ಬ ಅಧಿಕಾರಿ. ಇಬ್ಬರೂ ಇಲ್ಲದಿದ್ದರೆ ನೀನು ಇವತ್ತು ಅಂಗಡಿಯಲ್ಲಿ ಕೂತು ಅರ್ಧ ಗಂಟೆ ನೋಡಲು ಏನಿರುತ್ತಿತ್ತೋ ಹೇಳಲಾರೆ.

ಅವಳು: ಹೊರಗೆ ಹೋದವು ವಾಪಸು ಬರಲೇ ಇಲ್ಲವಾ?

ಚಿಕ್ಕಪ್ಪ: ಕೆಲವು ಬಂದವು. ಕಾಗೊಶಿಮಾದ ತೆರುಕುನಿ ದೇಗುಲದಲ್ಲಿ ಬಿಜೆನ್ ಕುನಿಮುನೆಯ ಒಂದು ತಾಚಿ ಇತ್ತು. ಅದೂ ರಾಷ್ಟ್ರೀಯ ನಿಧಿ, ಯುದ್ಧದ ಬಳಿಕ ಕಾಣೆಯಾಯಿತು. ವಾಲ್ಟರ್ ಕಾಂಪ್ಟನ್ ಎಂಬ ಅಮೆರಿಕದ ಸಂಗ್ರಾಹಕನಿಗೆ ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದು ಸಿಕ್ಕಿತು. ಕೊಂಡ, ಅಭ್ಯಾಸ ಮಾಡಿದ, ಏನೆಂದು ಗೊತ್ತಾಯಿತು. 1963ರಲ್ಲಿ ಒಂದು ಕಾಸೂ ಕೇಳದೆ ದೇಗುಲಕ್ಕೆ ಮರಳಿ ಕೊಟ್ಟ. ನನಗೆ ಸಂಗ್ರಾಹಕ ಎಂದರೆ ನೆನಪಿಗೆ ಬರುವವನು ಆತ. ಅವನು ನೋಡಲು ಕಲಿತಿರದಿದ್ದರೆ ಹಿಂದಿರುಗಿಸಬೇಕಾದದ್ದು ತನ್ನ ಮನೆಯಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಅವಳು: ದುಡ್ಡಿದ್ದವರ ಮಾತಾಯಿತು ಅದು. ನನ್ನಂಥವರು?

ಚಿಕ್ಕಪ್ಪ: ಸೆತೋಉಚಿ ಸಣ್ಣ ಊರು. ಒಸಾಫುನೆ ಈಗ ಅದರದೇ ಭಾಗ. ಹಿಂದಿನ ಸೇನಾನಿ ಉಎಸುಗಿ ಕೆನ್‌ಶಿನ್‌ನ ಮನೆತನದಲ್ಲಿದ್ದ ಯಾಮಾತೊರಿಗೆ ಎಂಬ ಕತ್ತಿ ತಮ್ಮ ನೆಲದ ಕೆಲಸ, ತಮ್ಮಲ್ಲಿಗೇ ಬರಬೇಕು ಎಂದು ಊರವರು ಹಣ ಎತ್ತಲು ನಿಂತರು. ಬೆಲೆ 50 ಕೋಟಿ ಯೆನ್. ದೇಶದ ಮೂಲೆಮೂಲೆಯಿಂದ ದೇಣಿಗೆ ಬಂತು, 2020ರಲ್ಲಿ ಕತ್ತಿ ಊರಿಗೆ ಬಂತು. ಕೊಟ್ಟವರಲ್ಲಿ ಎಷ್ಟೋ ಜನ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು, 2015ರಲ್ಲಿ ಬಂದ ತೋಕೆನ್ ರಾನ್‌ಬು ಎಂಬ ಕಂಪ್ಯೂಟರ್ ಆಟದಿಂದ ಕತ್ತಿಯ ಹೆಸರು ಕಲಿತವರು. ಹಳಬರು ಮೂಗು ಮುರಿದರು. ಆ ಹುಡುಗಿಯರು ವಸ್ತುಸಂಗ್ರಹಾಲಯದ ಗಾಜಿನ ಮುಂದೆ ಮಂಡಿಯೂರಿ, ದೀಪದ ಮಿಂಚು ಹಾಮೊನ್ನಿನ ಮೇಲೆ ಹರಿಯುವ ತನಕ ತಲೆಯನ್ನು ಅತ್ತಿತ್ತ ಸರಿಸುತ್ತಾ ಕಾಯುವುದನ್ನು ನಾನು ನೋಡಿದ್ದೇನೆ. ಹಾಗೇ ನೋಡಬೇಕು. ನಿಂತು ನೇರ ನೋಡಿದವನಿಗೆ ಬರೀ ಕಬ್ಬಿಣದ ಪಟ್ಟಿ ಕಾಣುತ್ತದೆ.

ಅವಳು: ಕೊಳ್ಳುವುದಕ್ಕಿಂತ ಈಗಿನ ಕಮ್ಮಾರನಿಂದ ಒಂದು ಹೊಸ ಕತ್ತಿ ಮಾಡಿಸಿದರೆ ಕಸುಬಿಗಾದರೂ ಸಹಾಯ ಆಗುವುದಿಲ್ಲವಾ?

ಚಿಕ್ಕಪ್ಪ: ಆಗುತ್ತದೆ, ಕೈಲಾದಾಗ ಮಾಡಿಸು. ಐದು ವರ್ಷ ಗುರುವಿನ ಬಳಿ ದುಡಿದು ಪರವಾನಗಿ ಪಡೆದವರು ಅವರು. ತಿಂಗಳಿಗೆ ಎರಡು ಉದ್ದ ಕತ್ತಿಗಿಂತ ಹೆಚ್ಚು ಮಾಡುವಂತಿಲ್ಲ, ಹೊಟ್ಟೆಪಾಡು ಕಷ್ಟ. ಆದರೆ ಅವರೂ ಕಲಿಯುವುದು ಹಳೆಯ ಅಲಗು ನೋಡಿಯೇ. ಹಳೆಯದನ್ನು ಕೆಡಿಸದೆ ಇಟ್ಟರೆ ಅವರಿಗೂ ಪಾಠ ಉಳಿಯುತ್ತದೆ.

ಅವಳು: ನನಗೆ ಆ ಮಂಜು ಇನ್ನೊಮ್ಮೆ ನೋಡಬೇಕು ಅನ್ನಿಸುತ್ತಿದೆ. ಹೆಸರಿಲ್ಲದ್ದನ್ನೇ ತೆಗೆದುಕೊಳ್ಳುತ್ತೇನೆ. ಸಾಣೆ ಹಿಡಿಸುವುದಿಲ್ಲ.

ಚಿಕ್ಕಪ್ಪ: ದುಡ್ಡು ಕೊಡುವ ಮೊದಲು ಇನ್ನೊಂದು ಸಲ ಹೋಗು. ಸೀಲಿಂಗಿನ ಟ್ಯೂಬ್‌ಲೈಟ್ ಆರಿಸಿ ಒಂದೇ ಬಲ್ಬ್ ಹಾಕಿಸಿಕೊಂಡು ನೋಡು. ಮಂಜು ಬುಡದಿಂದ ಮೊನೆಯ ತನಕ ಹೋಗುತ್ತದೋ, ನಡುವೆ ಕಡಿಯುತ್ತದೋ ಗಮನಿಸು. ಮೊನೆಯಲ್ಲಿ ಹದದ ಗೆರೆ ಬೆನ್ನ ಕಡೆಗೆ ತಿರುಗಿ ಬಂದಿರಬೇಕು. ಅಲ್ಲಿ ಗೆರೆಯೇ ಇಲ್ಲದಿದ್ದರೆ ಮೊನೆ ಮುರಿದು ತಿದ್ದಿದ್ದಾರೆ ಅಂತ ಅರ್ಥ, ಆಗ ಬೇಡ. ಬಾಯಿಗೆ ಅಡ್ಡವಾಗಿ ಬಿರುಕು ಕೂದಲೆಳೆಯಷ್ಟಿದ್ದರೂ ಬೇಡ. ನೋಂದಣಿ ಕಾರ್ಡು ಕತ್ತಿಯ ಜೊತೆಗೇ ಇರಬೇಕು. ಅದು ಕತ್ತಿಯದು, ಮಾರಿದವನದಲ್ಲ. ಕಾರ್ಡಿನಲ್ಲಿರುವ ಉದ್ದ, ಬಾಗು, ಬಾಲದ ತೂತುಗಳ ಸಂಖ್ಯೆ ಅಲಗಿಗೆ ಹೊಂದುತ್ತದೋ ಅಂತ ನೀನೇ ಅಳೆದು ನೋಡು. ಕೈಗೆ ಬಂದ 20 ದಿನದೊಳಗೆ ಆ ಕಾರ್ಡು ಕೊಟ್ಟ ಜಿಲ್ಲೆಯ ಶಿಕ್ಷಣ ಮಂಡಳಿಗೆ ಒಡೆಯ ಬದಲಾದದ್ದನ್ನು ತಿಳಿಸಬೇಕು.

ಅವಳು: ಮುಂದೊಮ್ಮೆ ಊರಿಗೆ ತೆಗೆದುಕೊಂಡು ಹೋಗಬಹುದಾ?

ಚಿಕ್ಕಪ್ಪ: ಇಲ್ಲಿನ ಸಂಸ್ಕೃತಿ ಇಲಾಖೆಯಿಂದ ರಫ್ತಿನ ಪತ್ರ ಬೇಕು, ನಮ್ಮ ದೇಶದ ಆಯುಧ ಕಾನೂನನ್ನೂ ವಿಚಾರಿಸಬೇಕು. ಆದರೆ ಮಂಗಳೂರಿನ ಮಳೆಗಾಲದ ಗಾಳಿ ಅದಕ್ಕೆ ಆಗಿಬರುವುದಿಲ್ಲ. ನೀನು ಇಲ್ಲಿರುವಷ್ಟು ದಿನ ಇಲ್ಲೇ ಇಟ್ಟುಕೊ. ಬಿಡುವ ಕಾಲ ಬಂದಾಗ ನಿನಗಿಂತ ಚೆನ್ನಾಗಿ ನೋಡಬಲ್ಲ ಯಾರಾದರೂ ಸಿಗುತ್ತಾರೆ, ಅವರಿಗೆ ಕೊಡು. ಮುಂದಿನ ಕಾಂತೇಯಿ ಸಭೆಗೆ ಮಾತ್ರ ಬರಲೇಬೇಕು. ಚೀಟಿಯಲ್ಲಿ ಏನಾದರೂ ಬರೆ, ‘ಇಯಾ’ ಅಂದರೂ ಪರವಾಗಿಲ್ಲ.